ಶಂಕ್ರೆವ್ವನ ಒಡಪು

ಗುಂಡು ತಗುಲಿದವನನ್ನು ಡಾಕ್ಟರು ಮೊದಲು ನೋಡುತ್ತಾರೆ. ಮನಸ್ಸು ಮುರಿದವನು ಮೊದಲು ಕಣ್ಣಿಗೆ ಬೀಳುವುದು ಅಡುಗೆಯವನಿಗೆ. ಫೌಜಿನ ಲಂಗರದಲ್ಲಿ ಐದು ವರ್ಷ ಸೌಟು ತಿರುವಿದ ಬಬಲೇಶ್ವರದ ಬಸಗೊಂಡಪ್ಪನಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ತಾಟು ಹೇಗೆ ಹೋಯಿತೋ ಹಾಗೇ ತಿರುಗಿ ಬಂದರೆ ಅವನಿಗೆ ಸಾಕು, ಆ ತಾಟಿನ ಒಡೆಯನ ಎದೆಯೊಳಗೆ ಏನೋ ನಡೆದಿದೆ ಎಂದು ತಿಳಿಯುತ್ತಿತ್ತು.

ಅದು ೧೯೪೪ರ ಮಳೆಗಾಲ. ಇಂಫಾಲದ ಆಚೆಯ ಗುಡ್ಡಗಳಲ್ಲಿ ಪಲ್ಟನ್ ಬೀಡುಬಿಟ್ಟು ಎರಡು ತಿಂಗಳಾಗಿತ್ತು. ಮಳೆ ನಿಲ್ಲುವ ಮಾತೇ ಇರಲಿಲ್ಲ. ಬೂಟು ಬಿಚ್ಚಿದರೆ ಜಿಗಣೆ, ಕಂಬಳಿ ಕೊಡವಿದರೆ ಜಿಗಣೆ. ಹಸಿ ಸೌದೆ ಹೊಗೆಯುತ್ತಿತ್ತೇ ಹೊರತು ಉರಿಯುತ್ತಿರಲಿಲ್ಲ. ಬಸಗೊಂಡಪ್ಪ ಬಿದಿರು ಸೀಳಿ, ರಾತ್ರಿ ಅದನ್ನು ತನ್ನ ಹಾಸಿಗೆಯ ಕೆಳಗೆ ಇಟ್ಟುಕೊಂಡು ಮಲಗಿ, ಬೆಳಿಗ್ಗೆ ಅದರಿಂದ ಒಲೆ ಹೊತ್ತಿಸುತ್ತಿದ್ದ. ಅವನ ಪಂಕ್ತಿಗೆ ಉಣ್ಣಲು ಬರುವ ವಿಜಾಪುರ ಸೀಮೆಯ ಹನ್ನೆರಡು ಜನ ದಿನಾಲೂ ಅದೇ ಬೇಳೆ, ಅದೇ ಅಕ್ಕಿ, ಅದೇ ಗೋಧಿ ಚಪಾತಿ ನೋಡಿ ಅವನನ್ನು ಬೈಯುತ್ತಿದ್ದರು. ಅವನೂ ದಿನಾಲೂ ಒಂದೇ ಉತ್ತರ ಕೊಡುತ್ತಿದ್ದ: ನಾಳೆ ಜೋಳದ ಹಿಟ್ಟು ಬರುತ್ತದೆ. ಅದು ಸುಳ್ಳೆಂದು ಹನ್ನೆರಡು ಮಂದಿಗೂ ಗೊತ್ತು. ಆದರೂ ಮರುದಿನ ಬಂದು, ಹಿಟ್ಟು ಎಲ್ಲಿಯವರೆಗೆ ಬಂತು, ಎತ್ತು ಕುಂಟುತ್ತಿವೆಯೇ ಎಂದು ಕೇಳಿ ನಗುತ್ತಿದ್ದರು. ನಗುವುದಕ್ಕೆ ಒಂದು ನೆಪ ಸಿಕ್ಕರೆ ಬೇಳೆಯೂ ಗಂಟಲಿಗೆ ಇಳಿಯುತ್ತದೆ ಎಂಬುದು ಅವನ ಲೆಕ್ಕ.

ನಾಲ್ಕು ದಿನದಿಂದ ನಗದೆ ಇದ್ದವನು ಕಳ್ಳಕವಟಗಿಯ ಶಿವಯೋಗೆಪ್ಪ ಒಬ್ಬನೇ. ಇಪ್ಪತ್ತೆರಡರ ಹುಡುಗ, ಊಟಕ್ಕೆ ಕುಳಿತರೆ ಎದ್ದೇಳುವ ಮನಸ್ಸು ಮಾಡದವನು. ಈಗ ತಾಟನ್ನು ಮುಟ್ಟುತ್ತಲೇ ಇರಲಿಲ್ಲ. ಮೇಲಾಗಿ ಈ ನಾಲ್ಕೇ ದಿನದಲ್ಲಿ ಮೂರು ಸಲ, ತನ್ನ ಪಾಳಿ ಅಲ್ಲದಿದ್ದರೂ, ಶತ್ರುವಿನ ಕಡೆಗೆ ಹೋಗುವ ಗಸ್ತಿಗೆ ತಾನೇ ಕೈ ಎತ್ತಿದ್ದ. ಹವಾಲ್ದಾರನಿಗೆ ಅದು ಧೈರ್ಯವಾಗಿ ಕಂಡಿತು. ಬಸಗೊಂಡಪ್ಪನಿಗೆ ಹಾಗೆ ಕಾಣಲಿಲ್ಲ.

ಪಂಕ್ತಿಯವರ ಪತ್ರಗಳನ್ನೆಲ್ಲ ಓದಿ ಹೇಳುವವನು ಟಿಕೋಟಾದ ಯಾಕೂಬ. ತಂತಿಯ ಕೆಲಸ ಮಾಡುತ್ತಿದ್ದ, ನಾಲ್ಕು ಅಕ್ಷರ ಕಲಿತಿದ್ದ. ಅವನನ್ನು ಕೇಳಿದಾಗ ಸಂಗತಿ ಹೊರಬಿತ್ತು. ಶಿವಯೋಗೆಪ್ಪನಿಗೆ ಊರಿನಿಂದ ಪತ್ರ ಬಂದ ದಿನ ಯಾಕೂಬ ಬೇರೆ ಗುಡ್ಡದ ಮೇಲಿದ್ದ. ತಿರುಗಿ ಬಂದು ಓದುತ್ತೇನೆಂದರೆ ಪತ್ರವೇ ಇರಲಿಲ್ಲ.

ಆ ಸಂಜೆ ಬಸಗೊಂಡಪ್ಪ ಹುಡುಗನನ್ನು ಒಲೆಯ ಹತ್ತಿರ ಕೂರಿಸಿಕೊಂಡು ಚಹಾ ಕೊಟ್ಟ. ಪತ್ರ ಏನಾಯಿತು ಎಂದು ಕೇಳಿದ.

"ಮೂಲಿ ಹರದಿತ್ತು ಕಾಕಾ," ಅಂದ ಶಿವಯೋಗೆಪ್ಪ. "ಹಳ್ಳಕ್ಕ ಬಿಟ್ಟು ಜಳಕಾ ಮಾಡಿ ಬಂದೆ."

ಆ ಸೀಮೆಯಲ್ಲಿ ಹುಟ್ಟಿದವರಿಗೆ ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಶುಭದ ಪತ್ರಕ್ಕೆ ಅರಿಶಿನ ಹಚ್ಚುತ್ತಾರೆ, ಸಾವಿನ ಪತ್ರದ ಮೂಲೆ ಹರಿದು ಕಳಿಸುತ್ತಾರೆ. ಅಂಥ ಪತ್ರವನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ಓದು ಬಾರದ ಹುಡುಗ ಮೂಲೆ ನೋಡಿದ, ಮುಂದಿನದನ್ನು ತಾನೇ ಓದಿಕೊಂಡ.

"ಯಾರು ಹ್ವಾದ್ರು ಅನ್ನೂದರ ತಿಳಕೋಬಾರದಾ?"

"ಒಂಬತ್ತ ತಿಂಗಳ ತುಂಬಿದ್ವು ನನ್ನ ಹೇಣ್ತಿಗೆ. ಮೊದಲನೇ ಸಲ ಕೂಸು ಹೋತು, ಆಕಿ ಹೆಂಗರ ಉಳದ್ಲು. ಇನ್ನ ಯಾರಂತ ಕೇಳ್ಲಿ?"

ಬಸಗೊಂಡಪ್ಪ ಸ್ವಲ್ಪ ಯೋಚಿಸಿ, ಮೂಲೆ ಹರಿದಿತ್ತೋ ಕತ್ತರಿಯಿಂದ ಕತ್ತರಿಸಿತ್ತೋ ಎಂದು ಕೇಳಿದ. ನೀಟಾಗಿ ಹೋಗಿತ್ತು ಎಂದ ಹುಡುಗ. ಹಾಗಾದರೆ ಅದು ನಡುವೆ ಪತ್ರ ತಪಾಸಣೆ ಮಾಡುವವರ ಕೆಲಸ ಇರಬೇಕು, ಬರೆಯಬಾರದ್ದನ್ನು ಬರೆದರೆ ಅವರು ಆ ತುಂಡನ್ನು ತೆಗೆದುಬಿಡುತ್ತಾರೆ ಎಂದು ಬಸಗೊಂಡಪ್ಪ ತಿಳಿಸಿ ಹೇಳಿದ. ಶಿವಯೋಗೆಪ್ಪ ನಾಲ್ಕು ದಿನದಲ್ಲಿ ಮೊದಲ ಸಲ ನಕ್ಕ. ಆ ನಗೆ ನೋಡಲು ಚೆನ್ನಾಗಿರಲಿಲ್ಲ.

"ಇದೂ ಜೋಳದ ಹಿಟ್ಟೇನು ಕಾಕಾ?"

ಎರಡು ತಿಂಗಳು ಹೇಳಿದ ಸುಳ್ಳು ಹೀಗೆ ಎದುರಿಗೆ ಬಂದು ಕೂರುತ್ತದೆಂದು ಬಸಗೊಂಡಪ್ಪ ಎಣಿಸಿರಲಿಲ್ಲ. ಊರಿಗೆ ಬರೆದು ಕೇಳಿಸೋಣ ಎಂದರೆ ಅದಕ್ಕೂ ಹುಡುಗ ಒಪ್ಪಲಿಲ್ಲ. ಪಕ್ಕದ ಕಂಪನಿಯ ಸೈಫುದ್ದೀನನ ತಂದೆ ತೀರಿಕೊಂಡಾಗ ಮನೆಯವರು ಒಂದು ವರ್ಷ 'ಎಲ್ಲರೂ ಕ್ಷೇಮ' ಎಂದೇ ಬರೆಸಿದ್ದರು, ಮಗ ಎದೆ ಒಡೆದುಕೊಳ್ಳಬಾರದೆಂದು. ತನಗೂ ಹಾಗೇ ಬರೆಸುತ್ತಾರೆ ಎಂದ.

ಬಸಗೊಂಡಪ್ಪನ ಇಪ್ಪತ್ತೆಂಟು ದಿನದ ರಜೆ ಮಂಜೂರಾಗಿ ಬಂದಿತ್ತು. ಹೊರಡುವ ಮೊದಲು ಅವನು ಹವಾಲ್ದಾರನ ಬಳಿ ಹೋಗಿ, ಈ ಹುಡುಗನನ್ನು ಪಾಳಿ ಇದ್ದಾಗ ಮಾತ್ರ ಗಸ್ತಿಗೆ ಕಳಿಸಿರೆಂದು ಕೈಮುಗಿದು ಬೇಡಿಕೊಂಡ. ಯಾಕೂಬನಿಗೆ ಅವನ ತಾಟಿನ ಮೇಲೆ ಕಣ್ಣಿಡಲು ಹೇಳಿದ.

ರೈಲು ಬದಲಿಸುತ್ತ, ನಿಲ್ದಾಣಗಳಲ್ಲಿ ಮಲಗುತ್ತ ಹನ್ನೊಂದನೆಯ ದಿನ ಹೊಟಗಿಯಿಂದ ಸಣ್ಣ ಗಾಡಿ ಹಿಡಿದು ವಿಜಾಪುರದಲ್ಲಿ ಇಳಿದ. ತಾನು ಏನೇ ಹೇಳಿದರೂ ಹುಡುಗ ನಂಬುವುದಿಲ್ಲ, ಕಣ್ಣಿಗೆ ಕಾಣುವ ಸಾಕ್ಷಿ ಬೇಕು ಎಂದುಕೊಂಡು ಸಿದ್ಧೇಶ್ವರ ಗುಡಿಯ ಹತ್ತಿರದ ಫೋಟೋದವನಲ್ಲಿಗೆ ಹೋದ. ಯುದ್ಧ ಸುರುವಾದಾಗಿನಿಂದ ಫೋಟೋ ತೆಗೆಯುವ ಸಾಮಾನೇ ಸಿಗುತ್ತಿಲ್ಲ ಎಂದು ಅವನು ಕೈಚೆಲ್ಲಿದ. ಬಸಗೊಂಡಪ್ಪ ಟಿಕೋಟಾದ ಮೋಟಾರು ಹತ್ತಿದ. ಪೆಟ್ರೋಲಿಲ್ಲದೆ ಇದ್ದಲಿಯ ಹೊಗೆಯಿಂದ ಓಡುವ ಗಾಡಿ ಅದು. ಏರು ಬಂದಲ್ಲೆಲ್ಲ ಗಂಡಸರು ಇಳಿದು ನೂಕಬೇಕು. ಟಿಕೋಟಾದಿಂದ ಮುಂದೆ ಒಂದು ಚಕ್ಕಡಿ ಸಿಕ್ಕಿತು.

ಕಳ್ಳಕವಟಗಿಯ ಆ ಮನೆಯ ಕಟ್ಟೆಯ ಮೇಲೆ ಶಿವಯೋಗೆಪ್ಪನ ತಾಯಿ ಕಾಳವ್ವ ಕಾಳು ಹಸನ ಮಾಡುತ್ತಿದ್ದಳು. ಖಾಕಿ ತೊಟ್ಟವನು ತನ್ನ ಮನೆಯತ್ತಲೇ ಬರುವುದನ್ನು ಕಂಡು ಅವಳ ಕೈಯ ಮೊರ ಅಲ್ಲೇ ನಿಂತಿತು. ಆ ಮುಖ ನೋಡಿದ ಕೂಡಲೇ ಬಸಗೊಂಡಪ್ಪನಿಗೆ ತನ್ನ ತಪ್ಪು ಹೊಳೆಯಿತು. ದೂರದಿಂದಲೇ ಕೂಗಿದ:

"ನಿನ್ನ ಮಗಾ ಆರಾಮ ಅದಾನ ಯವ್ವಾ. ಆರಾಮ ಅದಾನ. ನಾ ಬರೇ ನೋಡಾಕ ಬಂದೇನಿ."

ಕಾಳವ್ವ ಉಸಿರು ಬಿಟ್ಟಳು. ಅಷ್ಟರಲ್ಲಿ ಒಳಗಿನಿಂದ ಲೋಬಾನದ ವಾಸನೆ ಬಂತು, ಅದರ ಹಿಂದೆಯೇ ಕೂಸಿನ ಅಳು. ಬಾಣಂತಿ ಇರುವ ಮನೆಯ ವಾಸನೆ ಅದು. ಈಗ ಉಸಿರು ಬಿಡುವ ಸರದಿ ಬಸಗೊಂಡಪ್ಪನದು.

ಶಿವಯೋಗೆಪ್ಪನ ಹೆಂಡತಿ ಶಂಕ್ರೆವ್ವ ಗಟ್ಟಿಮುಟ್ಟಾಗಿ ಬದುಕಿದ್ದಳು. ಹೆಣ್ಣು ಕೂಸು, ಹುಟ್ಟಿ ಐದು ವಾರವಾಗಿತ್ತು. ಹಾಗಾದರೆ ಪತ್ರದಲ್ಲಿ ಇದ್ದದ್ದು ಏನು? ಅದನ್ನು ಬರೆದುಕೊಟ್ಟ ಸಾಲಿ ಮಾಸ್ತರ ಗುರುಪಾದಯ್ಯನವರನ್ನು ಕರೆಸಿದರು. ಶಂಕ್ರೆವ್ವ ಆರಾಮ ಇದ್ದಾಳೆ, ದಿನ ಹತ್ತಿರ ಬಂದಿವೆ, ನೀನು ಚಿಂತೆ ಮಾಡಬೇಡ ಎಂದಷ್ಟೇ ಬರೆದಿದ್ದರಂತೆ. ಮೂಲೆಯಲ್ಲಿ ಏನು ಬರೆದಿದ್ದಿರಿ ಎಂದು ಬಸಗೊಂಡಪ್ಪ ಕೇಳಿದ. ಮಾಸ್ತರರು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದರು: ವರ್ತಮಾನ ಪತ್ರಿಕೆ ಓದಿ, ಪಲ್ಟನ್ ಯಾವ ಗುಡ್ಡದ ಮೇಲೆ ಇರಬಹುದೆಂದು ಲೆಕ್ಕ ಹಾಕಿ, ಪತ್ರ ದಾರಿ ತಪ್ಪಬಾರದೆಂದು ಆ ಜಾಗದ ಹೆಸರನ್ನು ಮೂಲೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದರು. ಕತ್ತರಿ ಬಿದ್ದದ್ದು ಅದಕ್ಕೆ. ಮುಂದಿನದನ್ನು ಕೇಳಿ ಆ ಸಾಧು ಮನುಷ್ಯ ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

ಇನ್ನೊಂದು ಪತ್ರ ಬರೆಯುವುದೇನೋ ಸುಲಭ, ನಂಬಿಸುವುದು ಹೇಗೆ? ಕೂಸಿನ ಗುರುತು ಹೇಳಿದರೆ ಅವನು ಕೂಸನ್ನು ನೋಡಿಯೇ ಇಲ್ಲ. ಎತ್ತಿನ ಹೆಸರು, ಹೊಲದ ಬದು ಬರೆದರೆ ಅವು ಊರಿಗೆಲ್ಲ ಗೊತ್ತು. ಬಸಗೊಂಡಪ್ಪ ಬಾಗಿಲ ಹೊರಗೆ ಕುಳಿತು, ಒಳಗಿದ್ದ ಶಂಕ್ರೆವ್ವನಿಗೆ ಕೇಳುವಂತೆ ಹೇಳಿದ:

"ತಂಗಿ, ನಿನಗ ಮತ್ತ ಅವಗ ಇಬ್ಬರಿಗೇ ಗೊತ್ತಿರೂದು ಒಂದರ ಇರತೈತಿ. ಅದನ್ನ ಹೇಳು. ಅವ ನನ್ನ ಮಾತ ನಂಬೂದಿಲ್ಲ, ಕಾಗದಾ ನಂಬೂದಿಲ್ಲ. ನಿನ್ನ ನಂಬ್ತಾನ."

ಅತ್ತೆ ಬಾಗಿಲಲ್ಲೇ ಕುಳಿತಿದ್ದಾಳೆ, ಮಾಸ್ತರರು ಲೇಖಣಿ ಹಿಡಿದಿದ್ದಾರೆ, ಪರವೂರಿನ ಗಂಡಸು ಕಿವಿಗೊಟ್ಟಿದ್ದಾನೆ. ಹೆಂಡತಿಯಾದವಳು ಗಂಡನ ಹೆಸರನ್ನು ಬರಿದೇ ಹೇಳುವಂತಿಲ್ಲ, ಮದುವೆ ಸೀಮಂತಗಳಲ್ಲಿ ಹೆಂಗಸರು ಬಾಗಿಲು ಅಡ್ಡಗಟ್ಟಿ ಕೇಳಿದರೆ ಪ್ರಾಸ ಕಟ್ಟಿ ಒಡಪಿನಲ್ಲಿ ಹೇಳಬೇಕು. ಕೊನೆಗೆ ಒಳಗಿನಿಂದ ಸಣ್ಣ ದನಿ ಬಂತು:

"ಕದಾ ಹಾಕಿ ಬಡದ ರೊಟ್ಟಿ ಹಂಚಿನ ಮ್ಯಾಲ ಹರದ್ಹೋತ,
ಶಿವಯೋಗೆಪ್ಪನವರ ಕೈಯ ತುಣಕ ನನಗ ಅಮೃತ."

ಕಾಳವ್ವ ನಿಧಾನವಾಗಿ ಹೊರಳಿ ಒಳಗೆ ನೋಡಿದಳು. "ನನ್ನ ಮಗಾ ರೊಟ್ಟಿ ಬಡದಿದ್ದಾ? ಯಾವಾಗ?"

"ನೀವು ಎಲ್ಲಮ್ಮನ ಗುಡ್ಡಕ್ಕ ಹೋದಾಗರಿ ಅತ್ತಿ," ಅಂದಳು ಶಂಕ್ರೆವ್ವ. "ನನಗ ಜ್ವರಾ ಬಂದಿದ್ವು. ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕಿಸಿಕೊಂಡಿದ್ರು."

ಮಾಸ್ತರರು ಲೇಖಣಿಯನ್ನು ಗಾಳಿಯಲ್ಲೇ ಹಿಡಿದಿದ್ದರು. ಗಂಡಸು ಒಲೆಯ ಮುಂದೆ ಕೂತ ಎಂದರೆ ಊರು ವರ್ಷಗಟ್ಟಲೆ ಆಡಿಕೊಳ್ಳುವ ಕಾಲ ಅದು. ಅತ್ತೆ ಸಿಟ್ಟನ್ನು ಹೊಟ್ಟೆಯಲ್ಲಿ ಇಟ್ಟುಕೊಂಡರೆ ಸೊಸೆಗೆ ಮುಂದೆ ಕಷ್ಟವೇ. ಕಾಳವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಬರೀರಿ ಮಾಸ್ತರ," ಅಂದಳು. "ಕಡೀಕ, ನಿಮ್ಮ ಅವ್ವಗೂ ಗೊತ್ತಾತು ಅಂತ ಬರೀರಿ. ಹಂಗ ಬರದ್ರ ಅಂವಾ ಖರೇ ನಂಬ್ತಾನ."

ಬಸಗೊಂಡಪ್ಪ ಬಬಲೇಶ್ವರದ ತನ್ನ ಮನೆ ತಲುಪಿದ್ದು ಮರುದಿನ. ಸುದ್ದಿ ಅವನಿಗಿಂತ ಮೊದಲೇ ಬಂದಿತ್ತು. ಹೆಂಡತಿ ರೇಣುಕವ್ವ ಕಾಲಿಗೆ ನೀರು ಕೊಡುತ್ತ, ಕಳ್ಳಕವಟಗಿಯಲ್ಲಿ ಊಟ ಆಯಿತೋ, ಇಲ್ಲೂ ಒಂದು ತುತ್ತು ಉಂಡು ಹೋಗುವ ವಿಚಾರ ಇದೆಯೋ ಎಂದು ಕೇಳಿದಳು. ಅವನು ಎಲ್ಲ ಹೇಳಿದ. ರಜೆ ಮುಗಿದು ಹೊರಡುವ ದಿನ ಅವಳು ಒಣಗಿಸಿದ ಕಡಕ್ ರೊಟ್ಟಿಯ ದೊಡ್ಡ ಗಂಟು, ಶೇಂಗಾ ಹಿಂಡಿಯ ಡಬ್ಬಿ ಮುಂದಿಟ್ಟಳು. ಅಷ್ಟು ರೊಟ್ಟಿ ಬಡಿಯಲು ಅವಳಿಗೆ ಮೂರು ದಿನ ಹಿಡಿದಿತ್ತು.

ಬಸಗೊಂಡಪ್ಪ ಗುಡ್ಡ ಹತ್ತಿ ಬಂದ. ಬೀಡಿನ ಮೊದಲ ಪಹರೆಯವನನ್ನೇ ಹುಡುಗನ ಬಗ್ಗೆ ಕೇಳಿದ. ಹುಡುಗ ಇದ್ದಾನೆ ಎಂದ ಅವನು. ಇದ್ದ, ಆದರೆ ಕೊರಳ ಎಲುಬು ಎದ್ದು ಕಾಣುತ್ತಿದ್ದವು. ಹವಾಲ್ದಾರ ಮಾತು ನಡೆಸಿಕೊಟ್ಟಿದ್ದ. ಯಾಕೂಬ ದಿನಾ ಪಕ್ಕದಲ್ಲಿ ಕುಳಿತು, ತುತ್ತು ಬಾಯಿಗೆ ಹೋಗುವವರೆಗೆ ಏಳುತ್ತಿರಲಿಲ್ಲ.

ಸಂಜೆ ಮಳೆ ತುಸು ಬಿಟ್ಟಾಗ ಹನ್ನೆರಡು ಮಂದಿಯೂ ಲಂಗರದ ತಾಡಪತ್ರಿಯ ಕೆಳಗೆ ಸೇರಿದರು. ಬಸಗೊಂಡಪ್ಪ ಪತ್ರವನ್ನು ಯಾಕೂಬನ ಕೈಗೆ ಕೊಟ್ಟ. ಶಂಕ್ರೆವ್ವ ಕ್ಷೇಮ, ಹೆಣ್ಣು ಕೂಸು ಹುಟ್ಟಿದೆ, ಕೂಸೂ ಕ್ಷೇಮ ಎಂದು ಯಾಕೂಬ ಓದಿದ. ಶಿವಯೋಗೆಪ್ಪ ಒಲೆಯನ್ನೇ ನೋಡುತ್ತಿದ್ದ, ಇದೆಲ್ಲ ತನಗೆ ಮೊದಲೇ ಗೊತ್ತಿದ್ದ ಸುಳ್ಳು ಎಂಬಂತೆ. ಆಮೇಲೆ ಒಡಪು ಬಂತು.

ಅವನು ತಲೆ ಎತ್ತಿದ.

"ಇನ್ನೊಮ್ಮಿ ಓದು."

ಯಾಕೂಬ ಓದಿದ. ಅದರ ಕೆಳಗಿದ್ದ ಕಾಳವ್ವನ ಮಾತನ್ನೂ ಓದಿದ. ಶಿವಯೋಗೆಪ್ಪನ ಮುಖ ಕಿವಿಯವರೆಗೆ ಕೆಂಪೇರಿತು.

"ಅವ್ವಗ ಯಾಕ ಹೇಳಿದ್ಲು ಆಕಿ?" ಅಂದ. ಅಂದವನೇ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಅವನ ಭುಜ ಅಲುಗುತ್ತಿದ್ದವು. ಅಳುತ್ತಿದ್ದಾನೋ ನಗುತ್ತಿದ್ದಾನೋ ಯಾರಿಗೂ ತಿಳಿಯಲಿಲ್ಲ, ಬಹುಶಃ ಅವನಿಗೂ. ಬಸಗೊಂಡಪ್ಪ ಕಡಕ್ ರೊಟ್ಟಿ ಮುರಿದು, ಮೇಲೆ ಹಿಂಡಿ ಹಾಕಿ, ಅವನ ಮೊಣಕಾಲ ಮೇಲೆ ಇಟ್ಟ. ಮೊದಲನೆಯದು ಹೋಯಿತು, ಎರಡನೆಯದು ಹೋಯಿತು. ಮೂರನೆಯದಕ್ಕೆ ಅವನೇ ಕೈ ಚಾಚಿದ.

ಆಗ ಉಳಿದವರು ಸುರು ಮಾಡಿದರು. ರೊಟ್ಟಿ ಹರಿದದ್ದು ಹಿಟ್ಟಿನ ತಪ್ಪೋ ಕೈಯ ತಪ್ಪೋ, ನಾಳೆಯಿಂದ ಕಾಕಾನ ಬದಲು ಇವನೇ ಲಂಗರಕ್ಕೆ ನಿಲ್ಲಲಿ ಎಂದು ಒಬ್ಬೊಬ್ಬರು ಒಂದೊಂದು ಎಸೆದರು. ಈ ಗದ್ದಲದ ನಡುವೆ ಹವಾಲ್ದಾರ ಬಂದು, ಇವತ್ತಿನ ಗಸ್ತಿಗೆ ಒಬ್ಬ ಕಡಿಮೆ ಇದ್ದಾನೆ ಎಂದ. ಅಭ್ಯಾಸಬಲದಿಂದ ಎಲ್ಲರೂ ಶಿವಯೋಗೆಪ್ಪನ ಕಡೆ ನೋಡಿದರು.

"ನನ್ನ ಪಾಳಿ ನಾಡಿದ್ದ ಐತ್ರಿ," ಅಂದ ಅವನು, ಬಾಯಿಯೊಳಗಿನ ರೊಟ್ಟಿ ನುಂಗಿ. "ನಾಡಿದ್ದ ಹೋಗ್ತೇನಿ."

ಹವಾಲ್ದಾರ ಬಸಗೊಂಡಪ್ಪನ ಮುಖ ನೋಡಿ, ತಲೆಯಾಡಿಸಿ, ಬೇರೆ ಪಂಕ್ತಿಗೆ ಹೋದ.

ಉತ್ತರ ಈಗಲೇ ಬರೆಯಬೇಕೆಂದು ಯಾಕೂಬ ಪೆನ್ಸಿಲು ತೆಗೆದ. ಹೆಂಡತಿ ಒಡಪು ಹೇಳಿದ ಮೇಲೆ ಗಂಡನೂ ಹೇಳಲೇಬೇಕು, ಬಿಡುವುದಿಲ್ಲ ಎಂದು ಪಂಕ್ತಿಯೆಲ್ಲ ಹಟ ಹಿಡಿಯಿತು. ಶಿವಯೋಗೆಪ್ಪ ಬೆವರಿದ, ತೊದಲಿದ, ಕೊನೆಗೆ ಒಂದನ್ನು ಕಟ್ಟಿದ:

"ಗುಡ್ಡದ ಮ್ಯಾಲ ಮಳಿ ಹತ್ತೇತಿ, ಬೂಟಿನ್ಯಾಗ ರಾಡಿ,
ಶಂಕ್ರೆವ್ವ ಕರದ್ರ ಸಾಕು, ಬರ್ತೇನಿ ನಾ ಓಡಿ."

"ಓಡಿ ಅಂತ ಬರೀಬ್ಯಾಡೋ ಮಾರಾಯಾ," ಅಂದ ಯಾಕೂಬ. "ಸುಬೇದಾರ ಸಾಹೇಬ್ರು ಓದಿದ್ರ, ಪಲ್ಟನ್ ಬಿಟ್ಟು ಓಡಾಂವ ಇದ್ದಾನಂತ ನಿನ್ನ ಒಳಗ ಹಾಕ್ತಾರ. ಬ್ಯಾರೆ ಹುಡುಕು."

ರಾಡಿಗೆ ಹೊಂದುವ ಇನ್ನೊಂದು ಪದಕ್ಕಾಗಿ ಹನ್ನೆರಡು ಮಂದಿ ತಲೆ ಕೆರೆದುಕೊಳ್ಳತೊಡಗಿದರು. ಒಬ್ಬ ಗಾಡಿ ಅಂದ, ಇನ್ನೊಬ್ಬ ಮಾಡಿ ಅಂದ, ಮತ್ತೊಬ್ಬ ಖೋಡಿ ಎಂಬ ಬೈಗುಳವನ್ನೇ ಸೂಚಿಸಿ ತಾನೇ ಬೈಸಿಕೊಂಡ. ತಾಡಪತ್ರಿಯ ಮೇಲೆ ಮಳೆ ಮತ್ತೆ ಜೋರಾಯಿತು. ಅದನ್ನು ಮೀರಿಸಿ ಕೇಳುವಂತೆ ಶಿವಯೋಗೆಪ್ಪನೇ ಎಲ್ಲರಿಗಿಂತ ದೊಡ್ಡ ದನಿಯಲ್ಲಿ ಜಗಳವಾಡುತ್ತಿದ್ದ.