ಲಾಂಛನಗಳ ಅಡಿಯ ಬೀದಿ

"ಬಾಯಲ್ಲಿ ಹೇಳ್ಬೇಡಿ ಅಮ್ಮ, ಎಷ್ಟ್ ಸಲ ಹೇಳ್ಲಿ? ತೊಂದ್ರೆ ಇರೋ ಜಾಗಕ್ಕೆ ಕೆಂಪು ಚುಕ್ಕೆ ಅಂಟ್ಸಿ. ಸಣ್ ಮಕ್ಳೂ ಮಾಡ್ತಾವೆ ಇದನ್ನ."

ನಗರಸಭೆಯ ಅಧಿಕಾರಿ ಮಕ್ವಿನ್ನಿ ನಗುತ್ತಲೇ ಹೇಳಿದ. ಅಂಟುಚುಕ್ಕೆಗಳ ಹಾಳೆ ಹಿಡಿದು ಡಿಂಪ್ನಕ್ಕ ಗೋಡೆಗೆ ತೂಗುಹಾಕಿದ ಊರಿನ ನಕ್ಷೆಯ ಮುಂದೆ ನಿಂತಿದ್ದಳು. ಊರಿನ ಯೋಜನೆಯನ್ನು ಎಲ್ಲ ಇಲಾಖೆಗಳೂ ಜನರ ಜೊತೆ ಕೂತು ಮಾಡಬೇಕು, ಮುಂದಾಳತ್ವ ನಗರಸಭೆಯದು ಎಂದು ಕಾನೂನಿದೆ. ಅದಕ್ಕೇ ನಮ್ಮನ್ನು ಚರ್ಚಿನ ಹಾಲ್‌ಗೆ ಕರೆದು ಚಹಾ, ಬಿಸ್ಕತ್ತು ಕೊಟ್ಟಿದ್ದರು. ಯೋಜನೆಯಲ್ಲಿ ಸೇರದಿದ್ದರೆ ನಮ್ಮ ಬೀದಿಯ ಮನೆಗಳ ಒದ್ದೆ ಗೋಡೆಗಳನ್ನು ಯಾರೂ ರಿಪೇರಿ ಮಾಡುವುದಿಲ್ಲ. ಆ ಗೋಡೆಯ ಕಪ್ಪು ಬೂಷ್ಟಿನ ಪಕ್ಕ ಮಲಗಿ ಮಲಗಿ, ಡಿಂಪ್ನಕ್ಕನ ಮೊಮ್ಮಗಳು ಓರ್ಲಾ ಉಬ್ಬಸದಿಂದ ಬೆಲ್‌ಫಾಸ್ಟಿನ ಆಸ್ಪತ್ರೆ ಸೇರಿದ್ದಳು.

"ಆರೋಗ್ಯದೋರಿಗೆ ಹೇಳ್ದೆ, ವಸತಿಯೋರನ್ನ ಕೇಳು ಅಂದ್ರು. ವಸತಿಯೋರು ಕಿಟಕಿ ತೆಗ್ದಿಡು ಅಂದ್ರು. ಡಿಸೆಂಬರಲ್ಲಿ! ನಿಮ್ ಅಂಡು ತೆಗ್ದಿಟ್ಕೊಂಡು ಕೂತ್ಕೊಳ್ರೋ ಆ ಚಳೀಲಿ," ಎಂದಳು ಡಿಂಪ್ನಕ್ಕ.

ಆ ಎರಡೂ ಇಲಾಖೆಯವರು ಅಲ್ಲೇ ಇದ್ದರು. ಆರೋಗ್ಯದವನು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದ.

"ಅದಕ್ಕೇ ನಾವು ಇಲಾಖೆಗಳೆಲ್ಲ ಪಾಲುದಾರರಾಗಿ ಒಂದಾಗಿರೋದು," ಎಂದ ಮಕ್ವಿನ್ನಿ. "ಚುಕ್ಕೆ ಅಂಟ್ಸಿ."

"ಎಲ್ಲಿ ಅಂಟಿಸ್ಲಿ? ನಮ್ ಬೀದೀನೇ ಇಲ್ವಲ್ಲೋ!"

ಕಾಲೇಜು ಓದಿದವಳೆಂದು ನನ್ನನ್ನು ಜನರ ಪ್ರತಿನಿಧಿ ಮಾಡಿ ಪಾಲುದಾರರ ಸಾಲಿನಲ್ಲಿ ಕೂರಿಸಿದ್ದರು. ಎದ್ದು ಹೋಗಿ ನೋಡಿದೆ. ನಮ್ಮ ಬೀದಿ ಇರಬೇಕಾದ ಮೂಲೆಯಲ್ಲಿ ಇಲಾಖೆಗಳ ಲಾಂಛನಗಳನ್ನು ಸಾಲಾಗಿ ಅಚ್ಚು ಹಾಕಿದ್ದರು.

"ಮನೆಗಳು ಇದ್ರ ಅಡೀಲಿವೆ," ಎಂದೆ. ನನ್ನ ದನಿ ನನಗೇ ಕೇಳಲಿಲ್ಲ.

"ಓ, ಜಾಗ ಸಾಲ್ಲಿಲ್ಲ. ಪಕ್ಕದ ಗಾಲ್ಫ್ ಮೈದಾನಕ್ಕೆ ಅಂಟ್ಸಿ. ನಾವು ಅರ್ಥ ಮಾಡ್ಕೋತೀವಿ."

"ಏನ್ ಮಾಡ್ಕೋತೀಯ? ಗಾಲ್ಫ್ ಆಡೋರಿಗೆ ಉಬ್ಬಸ ಅಂತ ಬರ್ಕೋತೀಯೇನೋ, ಬೇವರ್ಸಿ?" ಎಂದಳು ಡಿಂಪ್ನಕ್ಕ.

ಹಾಲ್ ಘೊಳ್ಳೆಂದಿತು. ಮಕ್ವಿನ್ನಿಯೂ ನಕ್ಕ, ಜನ ಚೆನ್ನಾಗಿ ಬೆರೆಯುತ್ತಿದ್ದಾರೆ ಎಂದುಕೊಂಡಿರಬೇಕು. ಡಿಂಪ್ನಕ್ಕ ಒಂದು ಚುಕ್ಕೆ ಬಿಡಿಸಿ ಅವನ ಕೋಟಿಗೆ ಒತ್ತಿದಳು.

"ತೊಂದ್ರೆ ಇರೋ ಜಾಗ ತಾನೇ?"

ಇನ್ನೊಂದು, ಹಣೆಗೆ. ಹಿಂದಿನ ಬೆಂಚುಗಳಿಂದ ಹೆಂಗಸರು ತಮ್ಮ ತಮ್ಮ ಹಾಳೆ ಹಿಡಿದು ಎದ್ದರು. ಮಕ್ವಿನ್ನಿಯ ನಗು ಮುಖದಲ್ಲೇ ಉಳಿದಿತ್ತು, ತೆಗೆಯುವುದು ಹೇಗೆಂದು ಮರೆತವನಂತೆ. ಆರೋಗ್ಯದವನು ಚಹಾ ಬಿಟ್ಟು ಬಾಗಿಲ ಕಡೆ ಸರಿಯುತ್ತಿದ್ದ.

ನಾನು ಮೇಜಿನಿಂದ ನನ್ನ ಹಾಳೆ ಎತ್ತಿಕೊಂಡು ಬಾಗಿಲಿಗೆ ಅಡ್ಡ ನಿಂತೆ. ಒಂದು ಚುಕ್ಕೆ ಬಿಡಿಸಿ ಬೆರಳ ತುದಿಯಲ್ಲಿ ಹಿಡಿದೆ.

"ಕೂತ್ಕೊಳಿ ಸರ್," ಎಂದೆ. "ನಿಮ್ದಿನ್ನೂ ಆಗಿಲ್ಲ."