ನಲವತ್ತೊಂದು ದಾರ

ಕಂಪ್ಲಿಯ ಕೊಟ್ರಯ್ಯನವರ ತೋಟದಲ್ಲಿ ನಾನು ಬೆಳೆಸಿದ ದ್ರಾಕ್ಷಿ ಬಳ್ಳಿಗಳು ನೂರ ಎಂಬತ್ತು. ಬೀಜವಿಲ್ಲದ ಜಾತಿ ನಮ್ಮ ಬಿಸಿಲಿನಲ್ಲಿ ಹೂ ಬಿಟ್ಟರೂ ಕಾಯಿ ನಿಲ್ಲಿಸುತ್ತಿರಲಿಲ್ಲ. ನಾಟಿ ಬಳ್ಳಿ ಗೊಂಚಲು ಗೊಂಚಲಾಗಿ ಕಾಯಿ ಬಿಡುತ್ತಿತ್ತು, ಹಣ್ಣಿನ ತುಂಬ ಬೀಜ. ನಾಟಿಯ ಮೊಗ್ಗು ಬಿಡಿಸಿ, ಚಿಮಟದಿಂದ ಕೇಸರ ಕಿತ್ತು, ಬೀಜವಿಲ್ಲದ ಜಾತಿಯ ಪರಾಗ ಒರೆಸಿದ್ದೆ. ಅದರಿಂದ ಹುಟ್ಟಿದ ಸಸಿಗಳು ಅವು. ಆರು ವರ್ಷ ಹೋದವು. ೧೯೩೮ರ ಮಾರ್ಚಿನಲ್ಲಿ ಒಂದೇ ಒಂದು ಬಳ್ಳಿಯ ಹಣ್ಣು, ಹಲ್ಲಿಗೆ ಏನೂ ತಾಗದೆ, ಬಾಯಲ್ಲಿ ಕರಗಿತು.

ಅದರ ಬುಡಕ್ಕೆ ಹಳದಿ ದಾರ ಕಟ್ಟಿದೆ. ಯಾರಿಗೂ ಹೇಳಲಿಲ್ಲ. ಬಳ್ಳಿಗಳ ವಿವರ ಬರೆದಿಡುವ ನನ್ನ ಪುಸ್ತಕದಲ್ಲಿಯೂ ಬರೆಯಲಿಲ್ಲ. ಗೊತ್ತಾದರೆ ಯಾರಾದರೂ ಕಡ್ಡಿ ಕದ್ದು ತಮ್ಮದೆನ್ನುತ್ತಾರೆಂದು ಭಯ. ಅಂದು ಸಂಜೆಯೇ ಚಳಿಜ್ವರ ಹಿಡಿಯಿತು. ಹೊಸಪೇಟೆಯ ಅಕ್ಕನ ಮನೆಯಲ್ಲಿ ಒಂದೂವರೆ ತಿಂಗಳು ಮಲಗಿದೆ.

ಎದ್ದು ಬಂದಾಗ ಹಣ್ಣು ಮುಗಿದು, ಬಳ್ಳಿಗಳನ್ನೆಲ್ಲ ಸವರಿದ್ದರು. ಎಲೆಯಿಲ್ಲದ ಬೋಳು ಬುಡಗಳು. ಉತ್ತರದ ಸಾಲುಗಳಲ್ಲಿ ನಲವತ್ತೊಂದು ಬುಡಗಳಿಗೆ ಹಳದಿ ದಾರ.

ಕಳೆ ಕೀಳುವ ಹೆಂಗಸರ ಕೆಲಸ. ನಾನು ಕೈ ತೊಳೆದುಕೊಂಡು ದಾರ ಕಟ್ಟಿದ್ದನ್ನು ಅವರು ನೋಡಿದ್ದರು. ಓದಿದವನೇ ಹರಕೆ ಹೊತ್ತನೆಂದರೆ ಅಲ್ಲಿ ದೇವರು ನಿಂತಿರಬೇಕು ಅಂದುಕೊಂಡು, ಸುತ್ತಲಿನ ಬಳ್ಳಿಗಳಿಗೆ ಒಬ್ಬೊಬ್ಬಳೂ ಹರಕೆಗೊಂದರಂತೆ ಅರಿಸಿನದ ದಾರ ಕಟ್ಟಿದ್ದಳು.

"ನಾಳಿ ಮುಂಜಾನೆ ಬುಡ ಕೀಳ್ತಾರ, ತಮ್ಮಾ," ಅಂದರು ಕೊಟ್ರಯ್ಯ. "ಕಬ್ಬಿಗೆ ನೆಲ ಬೇಕು. ಆರು ವರ್ಷ ಸುಮ್ಮನಿದ್ದೆ. ಬೀಜ ಇಲ್ಲದ ಹಣ್ಣಿನ ಸಲುವಾಗಿ ನನ್ನ ಹೊಲಾನೂ ಬಂಜಿ ಮಾಡಬ್ಯಾಡ."

ಹೊಸಪೇಟೆಯಲ್ಲಿ ಅಕ್ಕನ ಹಿತ್ತಲು ಬಿಟ್ಟರೆ ನನಗೆ ನೆಲವಿಲ್ಲ. ಕಡ್ಡಿ ಕತ್ತರಿಸಿ ಒಯ್ದು ನೆಟ್ಟರೂ ಅಲ್ಲಿ ಹಿಡಿಯುವುದು ಹನ್ನೆರಡೇ ಬಳ್ಳಿ.

ಹೆಂಗಸರನ್ನು ಕರೆದೆ. "ಯಾರ ದಾರ ಯಾವುದು ಅಂತ ತೋರಿಸಿದರೆ ಸಾಕು. ಉಳಿದದ್ದು ನನ್ನದು."

ಯಾರೂ ಅಲುಗಲಿಲ್ಲ. ದ್ಯಾಮಕ್ಕ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಇದು ನಂದು ಅಂದ್ರ ಹರಕಿ ಬಾಯಿಬಿಟ್ಟಂಗ, ಯಪ್ಪಾ. ಹರಕಿ ತೀರೋತನಕ ತೋರಿಸಂಗಿಲ್ಲ, ತೋರಿಸಿದ್ರ ಫಲಿಸಂಗಿಲ್ಲ."

"ನನ್ನದು ಹರಕೆ ಅಲ್ಲ. ಗುರುತು."

"ಹಂಗಾದ್ರ ಅವತ್ತ ಯಾಕ ಹೇಳಲಿಲ್ಲ? ನೀನೂ ಬಾಯಿ ಮುಚ್ಚಿಕೊಂಡೇ ಕಟ್ಟಿದಿ. ಈಗ ನಮ್ಮ ಬಾಯಿ ಬಿಡಿಸಾಕ ಬಂದಿ."

ನಾನು ಅವಳ ಕಾಲು ಹಿಡಿಯಲು ಬಗ್ಗಿದೆ. ಅವರು ಗಾಬರಿಯಾಗಿ ಹಿಂದೆ ಸರಿದರು, ಬುಟ್ಟಿ ಎತ್ತಿಕೊಂಡು ಕಾಲುವೆ ದಾಟಿ ಹೋದರು.

ಕಣ್ಣಂದಾಜಿನಲ್ಲಿ ಹನ್ನೆರಡು ಬುಡಗಳನ್ನು ಆರಿಸಿ ಒಂದೊಂದಕ್ಕೂ ಸುಣ್ಣ ಹಚ್ಚಿದೆ. ಆ ದಿನ ನೆರಳು ಯಾವ ಕಡೆಗಿತ್ತು, ಕಲ್ಲುಕಂಬ ಎಷ್ಟು ದೂರವಿತ್ತು ಎಂದು ನೆನೆಸಿದಷ್ಟೂ ಜ್ವರದ ಕನಸುಗಳೇ ಅಡ್ಡ ಬರುತ್ತಿದ್ದವು.

ಹೊತ್ತು ಇಳಿಯುವಾಗ ಹುಲುಗಮ್ಮ ಒಬ್ಬಳೇ ತಿರುಗಿ ಬಂದಳು. ಎಲ್ಲರಿಗಿಂತ ಹಿರಿಯಳು. ಅವಳ ಮಗ ಓಬಳೇಶ ಸಂಡೂರಿನ ಗಣಿಯಲ್ಲಿ ಮ್ಯಾಂಗನೀಸು ಅಗೆಯಲು ಹೋಗಿ, ಕೆಮ್ಮಿ ರಕ್ತ ಕಾರುತ್ತಿದ್ದಾನೆಂದು ಸುದ್ದಿಯಿತ್ತು. ನಾನು ಸುಣ್ಣ ಹಚ್ಚಿದ ಬುಡವೊಂದರ ಮುಂದೆ ಅವಳು ಬಹಳ ಹೊತ್ತು ನಿಂತಳು. ಹೇಳಬೇಡವೆನ್ನಬೇಕಿತ್ತು ನಾನು. ಅವಳ ತುಟಿಗಳನ್ನೇ ನೋಡುತ್ತ ಸುಮ್ಮನಿದ್ದೆ.

"ಇದು ಬ್ಯಾಡ ಯಪ್ಪಾ," ಅಂದಳು. "ಇದು ನಂದು. ನನ್ನ ಮಗನ ಸಲುವಾಗಿ ಕಟ್ಟಿದ್ದು."

ಗಂಟು ಬಿಚ್ಚಿ, ದಾರವನ್ನು ಉಡಿಯಲ್ಲಿಟ್ಟುಕೊಂಡು ಹೋದಳು.

ಇನ್ನೂ ನಲವತ್ತು ಉಳಿದಿದ್ದವು. ನಾನು ಆ ಬುಡದ ಸುಣ್ಣ ಒರೆಸಿದೆ, ಪಕ್ಕದ ಬಳ್ಳಿಗೆ ಹಚ್ಚಿದೆ, ಕತ್ತರಿ ತೆಗೆದುಕೊಂಡು ಕಡ್ಡಿ ಕತ್ತರಿಸತೊಡಗಿದೆ.