ಅಡಿಕೆ ಮೂಟೆಯ ಅಳತೆ

ನಮ್ಮ ದೊಡ್ಡಪ್ಪ ಜಂಬಣ್ಣನವರಿಗೆ ಶಿವಮೊಗ್ಗದಲ್ಲಿ ಅಡಿಕೆ ಮಂಡಿ. ಮೂಟೆ ಎತ್ತಿಸೋದು, ಮೂಟೆ ತೂಗಿಸೋದು, ಮೂಟೆ ಇಳಿಸೋದು, ಇಷ್ಟರಲ್ಲೇ ಅವರ ಆಯಸ್ಸು ಕಳೆದಿದೆ. ಮನುಷ್ಯರನ್ನ ನೋಡಿದ್ರೂ ಇದು ಎಷ್ಟು ತೂಕ ಬರಬಹುದು ಅಂತಲೇ ಮೊದಲು ನೋಡ್ತಾರೆ. ಇದನ್ನ ಮುಂಚೇನೇ ಹೇಳಿಬಿಡ್ತೀನಿ, ಯಾಕಂದ್ರೆ ಅವರು ನನಗೆ ಮಾಡಿಸಿಕೊಟ್ಟ ವ್ಯಾನಿನ ಕಥೆ ಕೇಳಿ ಯಾರೂ 'ಪಾಪ, ಒಳ್ಳೇ ಮನಸ್ಸಿಂದ ಮಾಡಿದ್ದಲ್ವಾ' ಅನ್ನಬಾರದು. ಜನರ ಒಳ್ಳೇ ಮನಸ್ಸು ನನಗೆ ಸಾಕು ಸಾಕಾಗಿ ಹೋಗಿದೆ.

ನಾನು ಪ್ರಿಯದರ್ಶಿನಿ. ಸಣ್ಣ ಮಗುವಾಗಿದ್ದಾಗ ಪೋಲಿಯೋ ಬಂತು. ಬಂದಿದ್ದು ಕಾಲಿಗೆ, ನಾಲಗೆಗೆ ಬರಲಿಲ್ಲ. ಅಪ್ಪ ಅಮ್ಮ ಹೋದ ಮೇಲೆ ದೊಡ್ಡಪ್ಪನ ಮನೆಯಲ್ಲೇ ಬೆಳೆದೆ. ಗಣಿತ ಓದಿ, ಬಿ.ಎಡ್. ಮಾಡಿ, ಭದ್ರಾವತಿಯ ಒಂದು ಹೈಸ್ಕೂಲಿನಲ್ಲಿ ಟೀಚರಾದೆ. ದಿನಾ ಶಿವಮೊಗ್ಗದಿಂದ ಬಸ್ಸು. ಬಸ್ಸು ಹತ್ತೋಕೆ ನನಗಾಗಲ್ಲ, ಎತ್ತಿ ಹಾಕಬೇಕು. ಈ ಕಡೆ ದೊಡ್ಡಪ್ಪನ ಮಗ ಜ್ಞಾನೇಶ ಕಂಕುಳಿಗೆ ಕೈ ಹಾಕಿದ್ರೆ, ಕಂಡಕ್ಟರ್ ಕಾಲು ಹಿಡಿಯೋನು. ಆ ಕಡೆ ಇಳಿಸೋಕೆ ಯಾರು ಸಿಕ್ಕಿದ್ರೆ ಅವರು. ಬೀಡಿ ವಾಸನೆಯ ಕೈ, ಬೆವರಿದ ಕೈ, ಬೇಕಂತಲೇ ಎಲ್ಲೆಲ್ಲೋ ತಾಗೋ ಕೈ. ಅದರ ಮೇಲೆ "ಮೇಡಂ, ಈ ವರ್ಷ ಸ್ವಲ್ಪ ದಪ್ಪ ಆಗಿದೀರಿ" ಅಂತ ಸರ್ಟಿಫಿಕೇಟು ಬೇರೆ.

ಶಾಲೆಯವರ ಹತ್ತಿರ ಜಗಳ ಆಡಿ ಅಲ್ಲಿ ಮೆಟ್ಟಿಲ ಪಕ್ಕ ಇಳಿಜಾರು ಹಾಕಿಸಿಕೊಂಡೆ. ಉಳಿದಿದ್ದು ದಾರಿ ಮಾತ್ರ. ತೊಂಬತ್ತೆಂಟರ ಬೇಸಿಗೆ ರಜೆಯಲ್ಲಿ ಮನೆಯವರಿಗೆಲ್ಲ ಹೇಳಿಬಿಟ್ಟೆ. ಜೂನಿನಲ್ಲಿ ಶಾಲೆ ಶುರುವಾದ ಮೇಲೆ ನನ್ನನ್ನ ಯಾರೂ ಎತ್ತಕೂಡದು. ಎತ್ತೋದೇ ಆದ್ರೆ ಕೆಲಸ ಬಿಟ್ಟು ಮನೇಲಿ ಕೂರ್ತೀನಿ.

ದೊಡ್ಡಪ್ಪನಿಗೆ ಗಾಬರಿಯಾಯ್ತು. ದಿನವಿಡೀ ನನ್ನ ಬಾಯಿ ಕೇಳೋದಕ್ಕಿಂತ ಒಂದು ಗಾಡಿ ಕೊಡಿಸೋದೇ ವಾಸಿ ಅನ್ನಿಸಿರಬೇಕು. ಹಳೇ ಮೆಟಡಾರ್ ವ್ಯಾನ್ ಒಂದನ್ನ ತಂದ್ರು. ನನ್ನ ಗಾಲಿಕುರ್ಚಿ ಸಮೇತ ಹತ್ತೋ ಹಾಗೆ ಅದನ್ನ ಮಾರ್ಪಡಿಸೋಕೆ ಭದ್ರಾವತಿಯ ಶಿವಯೋಗಿಗೆ ಒಪ್ಪಿಸಿದ್ರು. ಶಿವಯೋಗಿ ಲಾರಿಗೆ ಬಾಡಿ ಕಟ್ಟೋನು, ದೊಡ್ಡಪ್ಪನ ಗುರುತಿನವನು.

"ಅಳತೆಗೆ ನಾನೂ ಬರ್ತೀನಿ ದೊಡ್ಡಪ್ಪ" ಅಂದೆ.

"ಶೆಡ್ಡಿಗೆ ನೀನ್ಯಾಕಮ್ಮ, ಗಂಡಸರು ಓಡಾಡೋ ಜಾಗ. ಕುರ್ಚಿ ಕೊಡು ಸಾಕು."

ರವಿಕೆ ಹೊಲಿಯೋ ಟೈಲರ್ ಕೂಡ ಮೈಯಳತೆ ಇಲ್ಲದೆ ಬಟ್ಟೆಗೆ ಕತ್ತರಿ ಹಾಕಲ್ಲ. ಹೋಗಲಿ ಅಂತ, ಕುರ್ಚಿಯಲ್ಲಿ ಕೂತಾಗ ನೆಲದಿಂದ ನನ್ನ ನೆತ್ತಿವರೆಗೆ ಎಷ್ಟು ಅಂತ ಬಾಯಲ್ಲೇ ಹೇಳಿದೆ. "ಆಯ್ತಮ್ಮ, ಆಯ್ತು" ಅಂದ್ರು. ದೊಡ್ಡಪ್ಪ ಎರಡು ಸಲ ಆಯ್ತು ಅಂದ್ರೆ ಕೇಳಿಸಿಕೊಂಡಿಲ್ಲ ಅಂತ ಅರ್ಥ. ಕುರ್ಚಿ ಭದ್ರಾವತಿಗೆ ಹೋಯ್ತು. ಅದು ವಾಪಸ್ ಬರೋವರೆಗೆ ನಾನು ಬಚ್ಚಲಿಗೂ ತೆವಳಿಕೊಂಡು ಹೋದೆ. ನನ್ನ ಅನುಕೂಲಕ್ಕೆ ಅಂತ ನನ್ನ ಕಾಲನ್ನೇ ಕಿತ್ತುಕೊಂಡು ಹೋಗಿದ್ರು, ಮನೆಯಲ್ಲಿ ಒಬ್ಬರಿಗೂ ಅದು ವಿಚಿತ್ರ ಅನ್ನಿಸಲಿಲ್ಲ.

ಶೆಡ್ಡಲ್ಲಿ ಏನಾಯ್ತು ಅಂತ ಜ್ಞಾನೇಶ ಆಮೇಲೆ ಹೇಳಿದ. ವ್ಯಾನಿನ ಹಿಂಬಾಗಿಲಿಗೆ ಇಳಿಜಾರಾಗಿ ಕಬ್ಬಿಣದ ಹಲಗೆ ಕೂರಿಸಿಯಾಯ್ತು. ಇನ್ನು ಪರೀಕ್ಷೆ ಆಗಬೇಕಲ್ಲ, ದೊಡ್ಡಪ್ಪ ಮಂಡಿಯಿಂದ ಒಂದು ಅಡಿಕೆ ಮೂಟೆ ತರಿಸಿದ್ರಂತೆ. "ಪ್ರಿಯಾ ಐವತ್ತೈದು ಕೆ.ಜಿ. ಇರಬಹುದು, ಮೂಟೆ ಎಪ್ಪತ್ತು. ಮೂಟೆ ಹತ್ತಿದ್ರೆ ಅವಳು ಹತ್ತಿದ ಹಾಗೇ." ಮೂಟೇನ ನನ್ನ ಕುರ್ಚಿಯಲ್ಲಿ ಕೂರಿಸಿ, ಜಾರದೇ ಇರಲಿ ಅಂತ ಹಗ್ಗ ಬಿಗಿದು, ತಳ್ಳಿದ್ರಂತೆ. ಸಲೀಸಾಗಿ ಹತ್ತಿತಂತೆ. ಆನೆ ಹತ್ತಿದ್ರೂ ಹಲಗೆ ಬಾಗಲ್ಲ ಅಂದನಂತೆ ಶಿವಯೋಗಿ. ಎಲ್ಲರೂ ಟೀ ಕುಡಿದ್ರಂತೆ. ಮೂಟೆಗೆ ತಲೆ ಇರಲ್ಲ ಅನ್ನೋದು ಅಲ್ಲಿದ್ದ ಒಂದು ತಲೆಗೂ ಹೊಳೆಯಲಿಲ್ಲ.

ಶಾಲೆ ಶುರುವಾಗೋ ಹಿಂದಿನ ದಿನ ಮನೆ ಮುಂದೆ ಗಾಡಿ ಪೂಜೆ. ಬೂದುಗುಂಬಳ, ಚಕ್ರಕ್ಕೆ ನಿಂಬೆಹಣ್ಣು, ನೆಂಟರು, ಫೋಟೋದವನು, ಒಂದಕ್ಕೂ ಕಮ್ಮಿ ಇರಲಿಲ್ಲ. ಹಿಂಬಾಗಿಲ ಮೇಲಿನ ಪಟ್ಟಿಯಲ್ಲಿ ನನ್ನ ಅಜ್ಜನ ಹೆಸರು, ಬಂಗಾರದ ಬಣ್ಣದಲ್ಲಿ: 'ಲಿಂಗೈಕ್ಯ ಮಂಡಿ ಮರುಳಸಿದ್ದಪ್ಪನವರ ಸ್ಮರಣಾರ್ಥ'. ನನಗೆ ಅಳತೆ ಹಿಡಿಯದವರು ಅಕ್ಷರಕ್ಕೆ ಮಾತ್ರ ಸ್ಕೇಲ್ ಇಟ್ಟು ಬರೆಸಿದ್ರು. ಜ್ಞಾನೇಶ ನನ್ನನ್ನ ಹಲಗೆ ಮೇಲೆ ತಳ್ಳಿದ. ಸರಿಯಾಗಿ ಅಜ್ಜನ ಹೆಸರಿಗೆ ನನ್ನ ಹಣೆ ಠಪ್ ಅಂತ ಬಡೀತು.

ನೆಂಟರೆಲ್ಲ ದೊಡ್ಡಪ್ಪನ ಮುಖ ನೋಡಿದ್ರು. ಆಮೇಲೆ ದೊಡ್ಡಪ್ಪ "ಸ್ವಲ್ಪ ತಲೆ ಬಗ್ಗಿಸಮ್ಮ" ಅಂದ್ರು.

ಬಗ್ಗಿಸಿದೆ. ಒಳಗೆ ಹೋದ ಮೇಲಾದ್ರೂ ಎತ್ತಬಹುದು ಅಂದುಕೊಂಡೆ. ಎಲ್ಲಿ ಬಂತು. ಭದ್ರಾವತಿಯವರಿಗೆ ಕಬ್ಬಿಣ ಅಂದ್ರೆ ಊಟಕ್ಕೆ ಉಪ್ಪಿನಕಾಯಿ ಇದ್ದ ಹಾಗೆ, ಎಲ್ಲದಕ್ಕೂ ಬೇಕು. ಶಿವಯೋಗಿ ದಪ್ಪ ತಗಡಿನ ಮೇಲೆ ತಗಡು ಹಾಕಿ ವ್ಯಾನಿನ ನೆಲವನ್ನೇ ಗೇಣುದ್ದ ಎತ್ತರಿಸಿದ್ದ. ಗದ್ದ ಎದೆಗೆ ಅಂಟಿಸಿದ್ರೆ ಮಾತ್ರ ಕೂರಬಹುದು. ಫೋಟೋದವನು "ಮೇಡಂ, ಈ ಕಡೆ ನೋಡಿ" ಅಂದ. ನನ್ನ ತೊಡೆ ಬಿಟ್ಟು ನನಗೆ ಬೇರೇನೂ ಕಾಣ್ತಿರಲಿಲ್ಲ.

"ದೊಡ್ಡಪ್ಪ, ಚಾವಣಿ ಎತ್ತರಿಸಬೇಕು."

"ಅರ್ಧ ಗಂಟೆ ದಾರಿ, ತಲೆ ಬಗ್ಗಿಸಿದ್ರೆ ಏನು ಸವೆದು ಹೋಗುತ್ತೆ? ಧರ್ಮಕ್ಕೆ ದಟ್ಟಿ ಕೊಟ್ರೆ ಹಿತ್ತಲಿಗೆ ಹೋಗಿ ಮೊಳ ಹಾಕಿದ್ರಂತೆ."

"ಮೊಳ ನೀವೂ ಹಾಕಲಿಲ್ಲ, ನನಗೂ ಹಾಕೋಕೆ ಬಿಡಲಿಲ್ಲ. ಅದಕ್ಕೇ ಈ ಗತಿ."

ಆರತಿ ತಟ್ಟೆ ಹಿಡಿದಿದ್ದ ದೊಡ್ಡಮ್ಮ ಜಗದಾಂಬಾ "ದೊಡ್ಡವರ ಮುಂದೆ ತಲೆ ಬಗ್ಗಿಸಿದ್ರೆ ಯಾರೂ ಸಣ್ಣೋರಾಗಲ್ಲ ಕಣೇ" ಅಂದ್ರು. ದೊಡ್ಡಪ್ಪ ಅಂದಿದ್ದನ್ನೇ ಮೆಲ್ಲಗೆ ಇನ್ನೊಂದು ಸಲ ಅನ್ನೋದು, ದೊಡ್ಡಮ್ಮನ ಮಾತು ಅಂದ್ರೆ ಅಷ್ಟೇ. ಅವರ ಮೇಲೆ ನನಗೆ ಸಿಟ್ಟೂ ಬರಲಿಲ್ಲ, ಅಷ್ಟು ಸಸಾರ.

ಮಾರನೇ ದಿನ ಹೊರಟ್ವಿ. ಜ್ಞಾನೇಶ ಡ್ರೈವರ್. ಹೊಸ ಗಾಡಿಯ ಮೊದಲ ಸವಾರಿಗೆ ಮುತ್ತೈದೆ ಜೊತೆಗಿರಲಿ ಅಂತ ದೊಡ್ಡಪ್ಪ ದೊಡ್ಡಮ್ಮನನ್ನೂ ಕಳಿಸಿದ್ರು. ಅವರು ನನ್ನ ಪಕ್ಕದ ಸೀಟಲ್ಲಿ ಕೂತ್ರು. ಬಿ.ಎಚ್. ರೋಡಿನ ಒಂದೊಂದು ಗುಂಡಿಗೂ ನನ್ನ ತಲೆ ಚಾವಣಿಗೆ ಬಡೀತಿತ್ತು. ದೊಡ್ಡಮ್ಮ ಟವಲು ಮಡಚಿ ನನ್ನ ತಲೆ ಮೇಲಿಟ್ರು.

"ಕತ್ತು ನೋಯ್ತಿದ್ಯಾ?"

"ಇಲ್ಲ, ಕುಣೀತಿದೆ."

ಸ್ವಲ್ಪ ದೂರ ಹೋದ ಮೇಲೆ ಮತ್ತೆ ಕೇಳಿದ್ರು. "ಹೀಗೆ ಎಷ್ಟು ದಿನ ಅಂತ ಹೋಗ್ತೀಯೇ?"

"ರಿಟೈರ್ ಆಗೋವರೆಗೆ. ನೀವೇ ಆರತಿ ಎತ್ತಿದ್ದೀರಲ್ಲ."

ಅವರು ಜಾರಿದ ಟವಲನ್ನ ಮತ್ತೆ ಸರಿಮಾಡಿದ್ರು. ಭದ್ರಾವತಿ ಬಂತು. ಶಾಲೆಗೆ ಇನ್ನೂ ಹೊತ್ತಿತ್ತು, ಮೊದಲು ಶೆಡ್ಡಿಗೆ ಹೋಗು ಅಂದೆ ಜ್ಞಾನೇಶನಿಗೆ.

ಶಿವಯೋಗಿ ವ್ಯಾನಿನೊಳಗೆ ಬಗ್ಗಿ ನೋಡಿ ನಕ್ಕ. "ಹಲಗೆ ಮಾತ್ರ ಗಟ್ಟಿ ಇದೆ ಅಲ್ವಾ ಮೇಡಂ? ಆನೆ ಹತ್ತಿದ್ರೂ..."

"ಆನೆಗೆ ಶಾಲೆ ಇಲ್ಲ ಮಾರಾಯ, ನನಗಿದೆ. ತಲೆ ಎತ್ತೋ ಹಾಗೆ ಮಾಡಿಕೊಡು."

ಮಾಡಬಹುದು ಅಂದ. ಹಿಂಬಾಗಿಲ ಪಟ್ಟಿ, ಅದರ ಹಿಂದಿನ ಚಾವಣಿ ಎರಡನ್ನೂ ಕತ್ತರಿಸಿ ತೆಗೆದು, ಸಂಜೆ ಬಂದಾಗ ಇನ್ನೂ ಎತ್ತರಕ್ಕೆ ಬೇರೆ ತಗಡು ಕೂರಿಸಬಹುದಂತೆ. ಆದ್ರೆ ಪಟ್ಟಿಯಲ್ಲಿ ಹೆಸರಿದೆ, ಯಜಮಾನ್ರನ್ನ ಕೇಳಬೇಕಂತೆ. ಫೋನ್ ಮಾಡಿದ. ದೊಡ್ಡಪ್ಪನ ದನಿ ಶೆಡ್ಡಿಗೆಲ್ಲ ಕೇಳಿಸ್ತು. "ನಮ್ಮಪ್ಪನ ಹೆಸರಿಗೆ ಗ್ಯಾಸ್ ಕಟರ್ ಹಿಡಿಸ್ತಾಳಾ? ಅಷ್ಟು ಕಷ್ಟ ಆದ್ರೆ ಕುರ್ಚಿ ಮಡಚಿ ಹಿಂದೆ ಹಾಕಿ, ಅವಳನ್ನ ಎತ್ತಿ ಸೀಟಲ್ಲಿ ಕೂರಿಸಿ. ಇರಿ, ನಾನೇ ಬರ್ತೀನಿ."

ನೋಡಿ ಹೇಗಿದೆ. ಎತ್ತಬಾರದು ಅಂತ ವ್ಯಾನು ತಂದಿದ್ದು, ಈಗ ವ್ಯಾನಿಗೋಸ್ಕರ ಎತ್ತೋದು.

ಜ್ಞಾನೇಶ ಹತ್ತಿರ ಬಂದ. ಶಿವಯೋಗಿಯ ಆಳೊಬ್ಬ ಕೈ ಒರೆಸಿಕೊಂಡು ನನ್ನ ಕಾಲ ಹತ್ತಿರ ನಿಂತ.

"ಬೇಡ" ಅಂದೆ.

"ಅಪ್ಪ ಹೇಳಿದ್ದಾರಲ್ಲ ಅಕ್ಕ" ಅಂತ ಅವನು ಕಂಕುಳಿಗೆ ಕೈ ಹಾಕಿದ. ಆ ಆಳು ಪಾದ ಹಿಡಿದ. ಬೇಡ ಅಂತ ಎಷ್ಟು ಸಲ ಅಂದ್ನೋ, ನಾನು ಮಾತಾಡ್ತಿರೋದು ಇಬ್ಬರಿಗೂ ಕೇಳಿಸಲೇ ಇಲ್ಲ. ನನಗೆ ಅಳು ಬಂತು. ಇಷ್ಟು ಬಾಯಿ ಇರೋ ನಾನು ಆ ಶೆಡ್ಡಲ್ಲಿ, ಅಷ್ಟು ಜನರ ಮುಂದೆ ಅತ್ತೆ.

"ಕೈ ತೆಗಿ ಜ್ಞಾನೇಶ."

ದೊಡ್ಡಮ್ಮ. ದನಿ ಏರಿಸಲಿಲ್ಲ, ಆದ್ರೆ ಆ ದನಿಯಲ್ಲಿ ಅವರು ಮಾತಾಡಿದ್ದನ್ನ ಅವನು ಹುಟ್ಟಿದಾಗಿಂದ ಕೇಳಿರಲಿಲ್ಲ. ಕೈ ತೆಗೆದ. ಅವರು ಶಿವಯೋಗಿ ಕಡೆ ತಿರುಗಿ "ಕತ್ತರಿಸಪ್ಪ" ಅಂದ್ರು.

"ಅಮ್ಮ, ದೊಡ್ಡ ಯಜಮಾನ್ರ ಹೆಸರು..."

"ಮಾವ ಪಡಸಾಲೆಯಲ್ಲಿ ಕೂತಿದ್ರೆ ನಾನು ಬಗ್ಗಿಕೊಂಡೇ ದಾಟಬೇಕಿತ್ತು, ಬಸುರಿಯಾಗಿದ್ದಾಗಲೂ. ಕತ್ತು ನೋಯುತ್ತಾ ಅಂತ ಯಾರೂ ಕೇಳಲಿಲ್ಲ. ನಾನಾದ್ರೂ ಇವಳನ್ನ ಕೇಳಿದೆ. ಕತ್ತರಿಸು."

ನನ್ನನ್ನ ಕುರ್ಚಿ ಸಮೇತ ಕೆಳಗಿಳಿಸಿದ್ರು. ಕತ್ತರಿಸಿದ ತಗಡು ದಡಾರ್ ಅಂತ ನೆಲಕ್ಕೆ ಬಿತ್ತು, ಅಜ್ಜ ಮಧ್ಯಕ್ಕೆ ಎರಡು ಹೋಳು. ಅಂಚು ಆರಿದ ಮೇಲೆ ಜ್ಞಾನೇಶ ನನ್ನನ್ನ ಮತ್ತೆ ತಳ್ಳಿದ. ಕತ್ತು ನೆಟ್ಟಗೇ ಇತ್ತು, ಎಲ್ಲೂ ತಾಗಲಿಲ್ಲ.

ಅಷ್ಟೊತ್ತಿಗೆ ದೊಡ್ಡಪ್ಪ ಕಾರಲ್ಲಿ ಬಂದ್ರು. ನೆಲದ ಮೇಲಿನ ತಗಡು ನೋಡಿ ಅವರ ಮುಖ ಕಪ್ಪಿಟ್ಟಿತು. "ಯಾರು ಹೇಳಿದ್ದು?" ಅಂತ ಮೊದಲು ನನ್ನ ಮೇಲೆ ಹಾರಿದ್ರು. ಆಮೇಲೆ ಶಿವಯೋಗಿ ಮೇಲೆ.

"ನಾನು ಹೇಳಿದ್ದು" ಅಂದ್ರು ದೊಡ್ಡಮ್ಮ.

ದೊಡ್ಡಪ್ಪ ಆ ಕಡೆ ತಿರುಗಲೂ ಇಲ್ಲ. "ನೀನು ಸುಮ್ನಿರು, ನಿನಗೇನು ತಿಳಿಯುತ್ತೆ. ಲೋ ಜ್ಞಾನೇಶ, ನೀನೇನೋ ಹೇಳಿದ್ದು?"

"ನಾನೇ ಅಂದೆನಲ್ಲ."

"ಸುಮ್ನಿರು ಅಂದೆ. ಶಿವಯೋಗಿ, ಅದು ಯಾರ ಹೆಸರು ಗೊತ್ತೇನೋ ನಿನಗೆ?"

"ಮರುಳಸಿದ್ದಪ್ಪನವರದು" ಅಂದ್ರು ದೊಡ್ಡಮ್ಮ.

ಮಾವನ ಹೆಸರನ್ನ ಸೊಸೆ ಬಾಯಲ್ಲಿ ನಮ್ಮ ಮನೆಯಲ್ಲಿ ಯಾರೂ ಕೇಳಿದವರಲ್ಲ. ಆಗ ದೊಡ್ಡಪ್ಪ ಹೆಂಡತಿ ಕಡೆ ತಿರುಗಿ ನೋಡಿದ್ರು. ದೊಡ್ಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಲಗೆ ಹತ್ತಿ ಬಂದು ನನ್ನ ಪಕ್ಕ ಕೂತ್ರು. "ಗಾಡಿ ಬಿಡೋ, ಅವಳಿಗೆ ಹೊತ್ತಾಯ್ತು" ಅಂದ್ರು.

ಶಾಲೆ ಮುಂದೆ ಬಸ್‌ಸ್ಟಾಪಿನ ಇಬ್ಬರು ದಿನದ ಅಭ್ಯಾಸಕ್ಕೆ ಎದ್ದು ಬಂದ್ರು. ಬೇಡ ಅಂದೆ. ಜ್ಞಾನೇಶ ಹಲಗೆ ಮೇಲಿಂದ ನನ್ನನ್ನ ಇಳಿಸುವಾಗ ಕುರ್ಚಿಯನ್ನ ಮಾತ್ರ ಹಿಡಿದ, ನನ್ನನ್ನ ಮುಟ್ಟಲಿಲ್ಲ.